ಡಯಟ್ ಶುರು ಮಾಡಿದ ಮೇಲೆ ರಾತ್ರಿ ನಿದ್ದೆ ಬರುತ್ತಿಲ್ಲ, ಏನು ಮಾಡಲಿ?

ಹಾಸನದ ಟೈಲರ್
ನಮಸ್ಕಾರ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ದಿನವಿಡೀ ಮಷಿನ್ ಮುಂದೆ ಕೂತು ಕೂತು ತೂಕ 81 ಕೆಜಿ ಆಗಿತ್ತು. ಮಂಡಿ ನೋವು ಅಂತ ಹೋದರೆ ಡಾಕ್ಟರ್, ಮೊದಲು ತೂಕ ಇಳಿಸಿ ಅಂದರು. ಈಗ ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಚಪಾತಿ, ಪಲ್ಯ. ಏಳರ ಮೇಲೆ ಏನೂ ತಿನ್ನಬಾರದು ಅಂತ ಯೂಟ್ಯೂಬಲ್ಲಿ ನೋಡಿದ್ದೆ. ಅದಕ್ಕೆ ಆರೂವರೆಗೆ ಒಂದು ಬಟ್ಟಲು ಸೌತೆಕಾಯಿ, ಕ್ಯಾರೆಟ್ ತುರಿ. ಅಷ್ಟೇ.

ತೂಕ ಇಳಿಯುತ್ತಿದೆ, ಸುಳ್ಳು ಹೇಳಲ್ಲ. ಕಷ್ಟ ಇರೋದು ರಾತ್ರಿ. ಒಂಬತ್ತಕ್ಕೆ ಮನೆಯವರೆಲ್ಲ ಮುದ್ದೆ, ಬಸ್ಸಾರಿಗೆ ಕೂರುತ್ತಾರೆ. ಬಡಿಸುವವಳು ನಾನೇ. ಬೆಳ್ಳುಳ್ಳಿ ಒಗ್ಗರಣೆ ವಾಸನೆಗೆ ಹೊಟ್ಟೆ ಕಿವುಚುತ್ತದೆ. ಹಸಿವು ಸಾಯಲಿ ಅಂತ ಒಂದು ಲೋಟ ಸಕ್ಕರೆ ಹಾಕದ ಕಾಫಿ ಕುಡಿಯುತ್ತೇನೆ. ಹತ್ತೂವರೆಗೆ ಮಲಗಿದರೆ ಒಂದೂವರೆ ಆದರೂ ನಿದ್ದೆ ಹತ್ತಲ್ಲ. ಕಾಲು ತಣ್ಣಗೆ, ತಲೆ ತುಂಬ ಕೋಡುಬಳೆ ಡಬ್ಬಿ. ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲೂ ಕಣ್ಣು ಮಂಜು. ಮದುವೆ ಸೀಸನ್ ಬೇರೆ. ಡಯಟ್ ಬಿಡಲಾ, ನಿದ್ದೆ ಮಾತ್ರೆ ತಗೊಳ್ಳಲಾ?

ನೈಟ್ ಡ್ಯೂಟಿ ನರ್ಸ್
ಅಕ್ಕಾ, ಮಾತ್ರೆ ಯೋಚನೆ ಸದ್ಯಕ್ಕೆ ಬೇಡ. ಮೊದಲು ಆ ಒಂಬತ್ತರ ಕಾಫಿ ಬಿಡಿ. ಕೆಫೀನ್ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ 5 ಗಂಟೆ ಬೇಕು. ಒಂಬತ್ತಕ್ಕೆ ಕುಡಿದರೆ ರಾತ್ರಿ ಎರಡಕ್ಕೂ ಅರ್ಧ ಕಾಫಿ ಮೈಯಲ್ಲೇ ಇರುತ್ತದೆ. ಗ್ರೀನ್ ಟೀ ಕುಡಿದರೂ ಕೆಫೀನ್ ತಪ್ಪಲ್ಲ, ಸ್ವಲ್ಪ ಕಡಿಮೆ ಇರುತ್ತದೆ ಅಷ್ಟೇ.

ಇನ್ನು ಹಸಿವು. ಹೊಟ್ಟೆ ಖಾಲಿ ಇದ್ದಾಗ ಘ್ರೆಲಿನ್ ಅನ್ನೋ ಹಾರ್ಮೋನ್ ಏರುತ್ತದೆ. ಮಿದುಳು "ಏಳು, ಊಟ ಹುಡುಕು" ಅನ್ನುತ್ತದೆ. ನಿದ್ದೆ ಕೆಟ್ಟರೆ ಮಾರನೇ ದಿನ ಅದು ಇನ್ನೂ ಜಾಸ್ತಿ. ನೀವು ತಿನ್ನುತ್ತಿರೋದು ತೀರಾ ಕಡಿಮೆ. ಬೇಕಾದ್ದಕ್ಕಿಂತ ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ವಾರಕ್ಕೆ ಅರ್ಧ ಕೆಜಿ ಆಸುಪಾಸು ಇಳಿಯುತ್ತದೆ, ಅದು ಸಾಕು.

ನಿದ್ದೆಗೂ ಕೊಬ್ಬಿಗೂ ಸಂಬಂಧ ಇದೆ. ಶಿಕಾಗೊ ವಿಶ್ವವಿದ್ಯಾಲಯದವರು 2010ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು, ಇದ್ದದ್ದು ಬರೀ 10 ಜನ. ಒಂದೇ ಡಯಟ್, ಆದರೆ ಎರಡು ವಾರ ರಾತ್ರಿ ಎಂಟೂವರೆ ಗಂಟೆ ಹಾಸಿಗೆ, ಇನ್ನೆರಡು ವಾರ ಐದೂವರೆ ಗಂಟೆ. ತೂಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇಳಿಯಿತು. ಆದರೆ ನಿದ್ದೆ ಕಡಿಮೆ ಇದ್ದಾಗ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಮಾಂಸಖಂಡ, ನೀರು ಇಂಥದ್ದೇ. ತಕ್ಕಡಿ ಇದನ್ನು ಹೇಳಲ್ಲ.

ಕಾಲು ತಣ್ಣಗಾಗೋದು ಊಟ ಕಡಿಮೆಯಾಗಿದ್ದಕ್ಕೂ ಇರಬಹುದು. ಆದರೂ ಥೈರಾಯ್ಡ್ ಒಮ್ಮೆ ನೋಡಿಸಿ.

ಮಂಡ್ಯದ ಮುದ್ದೆ
ಏಳು ಗಂಟೆ ಅಂತ ಹೊಟ್ಟೆಗೆ ಗಡಿಯಾರ ಕಟ್ಟಿದವರು ಯಾರವ್ವ? ಹಸಿವು ರುಚಿಯರಿಯದು, ನಿದ್ದೆ ಸುಖವರಿಯದು ಅಂತಾರೆ. ಎರಡೂ ಒಟ್ಟಿಗೆ ಬಂದರೆ ಗೆಲ್ಲೋದು ಹಸಿವೇ. 50 ಗ್ರಾಂ ಹಿಟ್ಟಿನ ಚಿಕ್ಕ ಮುದ್ದೆ ಅಂದರೆ 160 ಕ್ಯಾಲೊರಿ. ಬಸ್ಸಾರು ಮಾಡುವಾಗ ಬಸಿದಿಟ್ಟ ಸೊಪ್ಪು, ಕಾಳು ಪಲ್ಯ ಇರುತ್ತಲ್ಲ, ಅದನ್ನು ಧಾರಾಳವಾಗಿ ಹಾಕಿಕೊಳ್ಳಿ. ಎಂಟಕ್ಕೆ ಉಂಡು ಹತ್ತೂವರೆಗೆ ಮಲಗಿ. ಉಂಡ ತಕ್ಷಣ ಮಲಗಿದರೆ ಎದೆಯುರಿ. ಸೌತೆಕಾಯಿ ತಿಂದು ಮಲಗೋಕೆ ನಾವೇನು ಮೊಲವಾ?

ಹಾಸನದ ಟೈಲರ್
ಅಣ್ಣಾ, ನಕ್ಕು ನಕ್ಕು ಸಾಕಾಯ್ತು 😄 ರಾತ್ರಿ ಮುದ್ದೆ ತಿಂದರೆ ತೂಕ ಏರುತ್ತೆ ಅಂತ ಅತ್ತೆಯೂ ಹೇಳುತ್ತಿದ್ದರು, ಅದಕ್ಕೇ ಹೆದರಿದ್ದೆ. ಈಗ ಊಟ ಎಂಟಕ್ಕೆ ತಂದಿದ್ದೇನೆ. ಚಿಕ್ಕ ಮುದ್ದೆ, ಅವರೆಕಾಳು, ಕೆಲವು ದಿನ ಬೇಯಿಸಿದ ಮೊಟ್ಟೆ. ಕಾಫಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಒಂಬತ್ತಕ್ಕೆ ಬಡಿಸುವ ಕೆಲಸ ಯಜಮಾನರದ್ದು, ಗೊಣಗಿದರೂ ಮಾಡುತ್ತಾರೆ. ಹನ್ನೊಂದರ ಹೊತ್ತಿಗೆ ನಿದ್ದೆ ಹತ್ತುತ್ತಿದೆ. ತೂಕ ನಿಧಾನ ಆಯ್ತು, ಆದರೆ ನಿಂತಿಲ್ಲ.

ಇನ್ನೊಂದು ಪ್ರಶ್ನೆ. ಅವರಿಗೆ ಶುಗರ್ ಇದೆ, ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತಾರೆ. ನನ್ನ ಜೊತೆ ಡಯಟ್ ಮಾಡುತ್ತೇನೆ ಅಂತಿದ್ದಾರೆ. ಮಾಡಬಹುದಾ?

ನೈಟ್ ಡ್ಯೂಟಿ ನರ್ಸ್
ಡಾಕ್ಟರನ್ನು ಕೇಳದೆ ಬೇಡ. ಆ ಮಾತ್ರೆ ತಗೊಂಡು ಊಟ ಕಡಿಮೆ ಮಾಡಿದರೆ ರಾತ್ರಿ ಶುಗರ್ ಇಳಿದುಬಿಡಬಹುದು. ಇನ್ಸುಲಿನ್‌ಗೂ ಇದೇ ಮಾತು. ಮಲಗಿದಲ್ಲೇ ಬೆವರು, ನಡುಕ, ಎದೆ ಡವಡವ ಅಂದರೆ ತಕ್ಷಣ ಮಿಷಿನ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಊಟ ಎಷ್ಟು ಕಡಿಮೆ ಮಾಡುತ್ತಾರೆ ಅಂತ ಮೊದಲೇ ಹೇಳಿದರೆ ಡಾಕ್ಟರೇ ಮಾತ್ರೆ ಡೋಸ್ ಇಳಿಸುತ್ತಾರೆ. ನೀವಾಗಿ ಅರ್ಧ ಮಾಡಬೇಡಿ.