ಅಪ್‌ಡೇಟ್: ಎಂಟಿವಿಯ ಬಾವುಟ ಬಣ್ಣ ಬದಲಿಸುವುದು ಟೇಪಿನ ದೋಷವಲ್ಲ

ಎಂಟಿವಿ ಸಂಗೀತ ವಾಹಿನಿಯ ಹಳೆಯ ಆರಂಭಿಕ ದೃಶ್ಯತುಣುಕಿನಲ್ಲಿ, ಚಂದ್ರನ ಮೇಲೆ ನೆಟ್ಟ ಬಾವುಟದ ಬಣ್ಣ ಕ್ಷಣಕ್ಷಣಕ್ಕೂ ಬದಲಾಗುವುದು ನನ್ನ ಬಳಿಯಿರುವ ವಿಡಿಯೊ ಟೇಪಿನ ದೋಷವೇ ಎಂದು ನಾನು ಕೇಳಿದ್ದೆ. ದೋಷವಲ್ಲ ಎಂದು ತಿಳಿಸಿದ ಎಲ್ಲರಿಗೂ ಕೃತಜ್ಞತೆಗಳು. ಒಂದೊಂದೇ ಫ್ರೇಮನ್ನು ನಿಲ್ಲಿಸಿ ನೋಡಿದ ಮೇಲೆ ನನಗೂ ಅದು ಖಚಿತವಾಗಿದೆ.

ಮ್ಯಾನ್‌ಹಟನ್ ಡಿಸೈನ್ ಎಂಬ ಪುಟ್ಟ ಸಂಸ್ಥೆ ರೂಪಿಸಿದ, ಆ ಬಾವುಟದ ಮೇಲಿರುವ ವಾಹಿನಿಯ ಲಾಂಛನದಲ್ಲಿ ದಪ್ಪನೆಯ ‘ಎಂ’ ಮತ್ತು ಅದರ ಮೇಲೆ ಗೀಚಿದಂತಿರುವ ‘ಟಿವಿ’ ಅಕ್ಷರಗಳ ಆಕಾರವಷ್ಟೇ ಸ್ಥಿರವಾಗಿದ್ದು, ಬಣ್ಣ ಮತ್ತು ಚಿತ್ತಾರಗಳು ಬದಲಾಗುತ್ತಲೇ ಇರಬೇಕೆಂಬುದೇ ಮೂಲ ಕಲ್ಪನೆಯಾಗಿತ್ತು. ಸಂಸ್ಥೆಯ ಗುರುತು ನಿಗದಿತ ಬಣ್ಣಕ್ಕೆ ಬದ್ಧವಾಗಿರಬೇಕೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ ಇದು ದಿಟ್ಟ ನಿರ್ಧಾರವೆಂದೇ ನಾನು ಭಾವಿಸುತ್ತೇನೆ.

1981ರ ಆಗಸ್ಟ್ 1ರಂದು ವಾಹಿನಿ ಆರಂಭವಾದಾಗ ಬಳಸಿದ್ದು ನಾಸಾದ ಅಪೊಲೊ 11 ಚಂದ್ರಯಾನದ ದೃಶ್ಯಗಳನ್ನು. ಅವು ಸಾರ್ವಜನಿಕ ಸ್ವತ್ತಾಗಿದ್ದುದರಿಂದ ಹಣ ತೆರಬೇಕಾಗಿರಲಿಲ್ಲ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರು ಅಲ್ಲಿ ಆಡಿದ ಪ್ರಸಿದ್ಧ ಮಾತನ್ನೂ ಸೇರಿಸುವ ಯೋಜನೆಯಿತ್ತಾದರೂ ಅವರು ಒಪ್ಪದ ಕಾರಣ ಆ ಜಾಗದಲ್ಲಿ ಬೀಪ್ ಧ್ವನಿ ಬಂತು. ನನ್ನ ಟೇಪಿನಲ್ಲಿ ಧ್ವನಿ ಕೆಟ್ಟಿದೆ ಎಂದು ನಾನು ಅಂದುಕೊಂಡಿದ್ದ ಭಾಗವೂ ಇದೇ.

ಈ ಆರಂಭಿಕ ದೃಶ್ಯತುಣುಕು ಮುಂದೆ ಕಣ್ಮರೆಯಾದದ್ದೇಕೆ ಎಂಬ ನನ್ನ ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರ ಮನಸ್ಸನ್ನು ಭಾರವಾಗಿಸಿತು. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡು ಏಳು ಮಂದಿ ಗಗನಯಾತ್ರಿಗಳು ಮೃತಪಟ್ಟ ಬಳಿಕ, ರಾಕೆಟ್ ಉಡಾವಣೆಯೂ ಇದ್ದ ಆ ದೃಶ್ಯತುಣುಕನ್ನು ಗಂಟೆಗೊಮ್ಮೆ ತೋರಿಸುವುದನ್ನು ವಾಹಿನಿ ಕೈಬಿಟ್ಟಿತು. ಆದರೆ 1984ರಲ್ಲಿ ಆರಂಭವಾದ ಅದರ ವಿಡಿಯೊ ಸಂಗೀತ ಪ್ರಶಸ್ತಿಯ ಪ್ರತಿಮೆಯಲ್ಲಿ ಗಗನಯಾತ್ರಿ ಉಳಿದುಕೊಂಡಿದ್ದಾನೆ.

ಟೇಪನ್ನು ಎಸೆಯದೆ ಡಿಜಿಟಲ್ ಪ್ರತಿ ಮಾಡಿಸಲು ಕೊಟ್ಟಿದ್ದೇನೆ.