ಅಣ್ಣನಿಗೂ ನನಗೂ ಅಧಿಕ ಕೊಲೆಸ್ಟ್ರಾಲ್: ಮಗಳಿಗೂ ಪರೀಕ್ಷೆ ಬೇಕೇ?

ಪ್ರಶ್ನೆ (ಗದಗ):
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಈಗ 41 ವರ್ಷದ ಅಣ್ಣನಿಗೆ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದ್ದಾರೆ. ಆಗ ಅವರ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ 248 ಇತ್ತು. ಆ ಬಳಿಕ ಪರೀಕ್ಷಿಸಿದಾಗ ನನಗೂ 226 ಬಂದಿದೆ. ನಾವು ಹೊಲದಲ್ಲಿ ದುಡಿಯುವವರು, ರೊಟ್ಟಿ-ಪಲ್ಯ ಉಣ್ಣುವವರು, ಬೊಜ್ಜೂ ಇಲ್ಲ. ಎಣ್ಣೆ-ತುಪ್ಪ ಬಿಟ್ಟರೆ ಸಾಕು ಎಂದು ಕಾಕಾ ಹೇಳುತ್ತಾರೆ. ನನ್ನ ಹೆಂಡತಿ ಸೋದರತ್ತೆಯ ಮಗಳು. ನಮಗೆ ಒಂಬತ್ತು ವರ್ಷದ ಮಗಳಿದ್ದಾಳೆ. ಅವಳಿಗೂ ಪರೀಕ್ಷೆ ಮಾಡಿಸಬೇಕೇ?

ಉತ್ತರ (ವೈದ್ಯ, ಧಾರವಾಡ):
ತಪ್ಪದೆ ಮಾಡಿಸಿರಿ, ಜೊತೆಗೆ ನಿಮ್ಮ ಹೆಂಡತಿಗೂ ಅಣ್ಣನ ಮಕ್ಕಳಿಗೂ ಮಾಡಿಸಿರಿ. ವಯಸ್ಕರಲ್ಲಿ ಎಲ್‌ಡಿಎಲ್ 190 ದಾಟಿದ್ದು, ಮನೆತನದಲ್ಲಿ ಎಳೆಯ ವಯಸ್ಸಿಗೇ ಹೃದಯಾಘಾತವಾಗಿದ್ದರೆ ಆನುವಂಶಿಕ ಅಧಿಕ ಕೊಲೆಸ್ಟ್ರಾಲನ್ನು ಶಂಕಿಸಲೇಬೇಕು. ಥೈರಾಯ್ಡ್ ಕೊರತೆಯಿಂದಲೂ ಮೂತ್ರದಲ್ಲಿ ಪ್ರೋಟೀನ್ ಸೋರುವ ಮೂತ್ರಪಿಂಡದ ಕಾಯಿಲೆಯಿಂದಲೂ ಎಲ್‌ಡಿಎಲ್ ಏರಬಹುದಾದ್ದರಿಂದ ಆ ಎರಡು ಪರೀಕ್ಷೆಗಳೂ ಆಗಲಿ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ದಪ್ಪವಾಗಿದ್ದರೆ ಅದು ಬಲವಾದ ಸುಳಿವು. ಇಲ್ಲದಿದ್ದರೆ ಕಾಯಿಲೆಯೇ ಇಲ್ಲವೆಂದು ತಿಳಿಯಬಾರದು.

ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಮುಖ್ಯವಾಗಿ ಯಕೃತ್ತಿನಲ್ಲಿರುತ್ತವೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಗ್ರಾಹಕದ ವಂಶವಾಹಿಯಲ್ಲೇ ದೋಷವಿದ್ದರೆ ಹುಟ್ಟಿನಿಂದಲೇ ಎಲ್‌ಡಿಎಲ್ ಏರಿರುತ್ತದೆ. ಪಥ್ಯ ಬೇಕು, ಆದರೆ ಬರೀ ಪಥ್ಯದಿಂದ ಅದು ಸಾಕಷ್ಟು ಇಳಿಯುವುದಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಾಗಿರುವುದು ಸಂಬಂಧದೊಳಗಿನ ಮದುವೆಯ ಬಗ್ಗೆ. ಒಬ್ಬರಲ್ಲಿ ಮಾತ್ರ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಅದೇ ದೋಷ ತಂದೆ-ತಾಯಿ ಇಬ್ಬರಲ್ಲೂ ಇದ್ದರೆ, ನಾಲ್ಕರಲ್ಲಿ ಒಂದು ಸಾಧ್ಯತೆಯಂತೆ ಮಗುವಿಗೆ ಎರಡೂ ಕಡೆಯಿಂದ ಬರಬಹುದು. ಅಂಥ ಮಕ್ಕಳಲ್ಲಿ ಎಲ್‌ಡಿಎಲ್ ಹೆಚ್ಚಾಗಿ 400 ದಾಟುತ್ತದೆ, ಹದಿಹರೆಯದಲ್ಲೇ ಹೃದ್ರೋಗ ಬರಬಹುದು. ಒಂದೇ ಕಡೆಯಿಂದ ಬಂದಿದ್ದರೂ ಸಾಮಾನ್ಯವಾಗಿ 8ರಿಂದ 10 ವರ್ಷದ ನಡುವೆ ಮಕ್ಕಳ ತಜ್ಞರ ನಿಗಾದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಆರಂಭಿಸುತ್ತಾರೆ. ಹೆಚ್ಚಿನ ಪ್ರಮಾಣದ ಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಸಾಲದಿದ್ದರೆ ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಮಾತ್ರೆಯನ್ನು ಜೀವನಪರ್ಯಂತ ನುಂಗಬೇಕಾಗುವುದು ನಿಜ. ದೋಷ ಜೀವನಪರ್ಯಂತ ಇರುವುದೇ ಅದಕ್ಕೆ ಕಾರಣ.

ಉತ್ತರ (ರಾಣೇಬೆನ್ನೂರು):
ನಮ್ಮ ತಾಯಿಯ ಕಡೆಯವರಲ್ಲಿ ಇದೇ ಕಾಯಿಲೆಯಿದೆ. ವಂಶವಾಹಿ ಪರೀಕ್ಷೆಯ ಖರ್ಚಿಗೆ ಹೆದರಿ ಸುಮ್ಮನಿರಬೇಡಿರಿ. ನಮ್ಮವರೆಲ್ಲರಿಗೂ ಸಾಮಾನ್ಯ ಲಿಪಿಡ್ ಪ್ರೊಫೈಲ್ (ರಕ್ತದ ಕೊಲೆಸ್ಟ್ರಾಲ್ ಪರೀಕ್ಷೆ) ಮಾಡಿಸಿಯೇ ಯಾರಿಗಿದೆ, ಯಾರಿಗಿಲ್ಲ ಎಂದು ಬಹುಮಟ್ಟಿಗೆ ತಿಳಿದುಕೊಂಡೆವು. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಕೆಲವರು ಮುಚ್ಚಿಟ್ಟರು. ಹೀಗೆ ಮುಚ್ಚಿಡುವುದು ಆ ಮಕ್ಕಳಿಗೇ ಅನ್ಯಾಯವೆಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ ಕೇಳಿದವರು:
ತಮ್ಮಿಬ್ಬರಿಗೂ ವಂದನೆಗಳು. ನಮ್ಮ ತಂಗಿ ಈಗ ಐದು ತಿಂಗಳ ಬಸುರಿ. ಅವಳೂ ಈಗಲೇ ಮಾಡಿಸಿಕೊಳ್ಳಬೇಕೇ?

ಉತ್ತರ (ವೈದ್ಯ, ಧಾರವಾಡ):
ಬಸಿರಿನಲ್ಲಿ ಕೊಲೆಸ್ಟ್ರಾಲ್ ತಾನಾಗಿಯೇ ಏರುವುದರಿಂದ ಈಗಿನ ಅಂಕಿ ನಿರ್ಣಾಯಕವಲ್ಲ. ಹೆರಿಗೆಯಾಗಿ ಕೆಲವು ತಿಂಗಳ ನಂತರ ಮಾಡಿಸಲಿ. ಆದರೆ ತಂದೆ ಮತ್ತು ಅಣ್ಣಂದಿರ ವಿಷಯವನ್ನು ಅವರ ಪ್ರಸೂತಿ ವೈದ್ಯರಿಗೆ ಈಗಲೇ ತಿಳಿಸಿರಿ. ಗರ್ಭಿಣಿಯರಿಗೆ ಸ್ಟ್ಯಾಟಿನ್ ಸಾಮಾನ್ಯವಾಗಿ ಕೊಡುವುದಿಲ್ಲ, ಆದ್ದರಿಂದ ನಿಮ್ಮ ಮಾತ್ರೆಯನ್ನು ಅವರೊಂದಿಗೆ ಹಂಚಿಕೊಳ್ಳಬೇಡಿರಿ.