ಪದ ಬೇಕು, ಇವತ್ತೇ: ಇಂಡೈಟ್‌ಮೆಂಟ್

ಕುಂಬಳೆಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ವಾಚನಾಲಯದ ಗೋಡೆಗೆ ವಾಟರ್‌ಗೇಟ್ ಹಗರಣದ ಬಗ್ಗೆ ಫಲಕ ಮಾಡುತ್ತಿದ್ದೇವೆ. ಅರ್ಧ ಕನ್ನಡ, ಅರ್ಧ ಮಲಯಾಳ. ಮಲಯಾಳದ ಹುಡುಗರು ಕುಟ್ಟಪತ್ರಂ ಅಂತ ಬರೆದು ಚಹಾ ಕುಡಿಯಲು ಹೋದರು. ಸಿಕ್ಕಿಬಿದ್ದದ್ದು ನಾನು. ಫ್ಲೆಕ್ಸಿನವನು ಸಂಜೆ ಬೇಗ ಬಾಗಿಲು ಹಾಕುತ್ತಾನೆ.

ಎರಡು ವಾಕ್ಯಕ್ಕೆ ಪದ ಬೇಕು. 1974ರ ಮಾರ್ಚ್ 1ರಂದು ಗ್ರ್ಯಾಂಡ್ ಜ್ಯೂರಿ ಆಗಿನ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಶ್ವೇತಭವನ ಮತ್ತು ಚುನಾವಣಾ ತಂಡದ ಏಳು ಮಂದಿಯನ್ನು ಇಂಡೈಟ್ ಮಾಡಿತು. ಅದೇ ಜ್ಯೂರಿ ನಿಕ್ಸನ್ ಅವರನ್ನು "ಅನ್‌ಇಂಡೈಟೆಡ್ ಕೋ-ಕಾನ್‌ಸ್ಪಿರೇಟರ್" ಅಂತ ಹೆಸರಿಸಿತು. ಎರಡನೆಯದು ನನಗೆ ಬಾಯಿಗೂ ಬರುತ್ತಿಲ್ಲ, ಕೈಗೂ ಬರುತ್ತಿಲ್ಲ.

ಬೆಂಗಳೂರಿನಿಂದ:

ದೋಷಾರೋಪಣೆ. ಎಲ್ಲ ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ಇಷ್ಟಕ್ಕೆ ಇಷ್ಟು ದೊಡ್ಡ ಓಲೆ ಬೇಕಿತ್ತಾ?

ಸಾಗರದಿಂದ:

ದೋಷಾರೋಪಣೆಯಲ್ಲಿ ಕನ್ನಡ ಎಲ್ಲಿದೆ? ತಪ್ಪು ಇದೆ, ಹೊರಿಸು ಇದೆ. ಸೇರಿಸಿದರೆ ತಪ್ಪೊರಿಕೆ. ಎರಡನೆಯದು ತಪ್ಪೊರಿಸದ ಕೂಡುಸಂಚುಗಾರ. ಮೊದಲು ಕಿವಿಗೆ ಒಗ್ಗದೆ ಇರಬಹುದು. ಬಳಸಿದರೆ ಒಗ್ಗುತ್ತದೆ.

ಬದಿಯಡ್ಕದಿಂದ:

ಕುಂಬಳೆಯವರೇ, ಸ್ವಲ್ಪ ತಡೆಯಿರಿ. ನಾನು ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿದ್ದವನು. ಈ ಪದಗಳ ನಡುವೆಯೇ ತಲೆಕೂದಲು ಬೆಳ್ಳಗಾಗಿದೆ.

ನಮ್ಮಲ್ಲಿ ಎರಡು ಬೇರೆ ಬೇರೆ ಹಂತ ಇದೆ. ಪೊಲೀಸರೋ ಸಿಬಿಐಯವರೋ ತನಿಖೆ ಮುಗಿಸಿ ಕೋರ್ಟಿಗೆ ಕೊಡುವ ವರದಿ ಮೊದಲನೆಯದು. ಹಳೆಯ ದಂಡ ಪ್ರಕ್ರಿಯೆ ಸಂಹಿತೆಯಲ್ಲಿ 173ನೇ ಕಲಂ, 2024ರ ಜುಲೈ 1ರಿಂದ ಅದರ ಬದಲಿಗೆ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ 193. ಚಾರ್ಜ್‌ಶೀಟ್, ಆರೋಪಪಟ್ಟಿ, ಕುಟ್ಟಪತ್ರಂ, ಎಂತ ಬೇಕಾದರೂ ಅನ್ನಿ, ಎಲ್ಲ ಇದೇ. ಎರಡನೆಯದು ಜಡ್ಜರ ಕೆಲಸ. ಎರಡೂ ಕಡೆಯ ವಕೀಲರ ಮಾತು ಕೇಳಿ, ಕಾಗದ ನೋಡಿ, ಕೇಸಿನಲ್ಲಿ ಹುರುಳು ಕಂಡರೆ ಚಾರ್ಜ್ ಫ್ರೇಮ್ ಮಾಡುತ್ತಾರೆ. ಕಾಣದಿದ್ದರೆ ಡಿಸ್ಚಾರ್ಜ್, ಅಂದರೆ ವಿಚಾರಣೆಗೆ ಮೊದಲೇ ಕೈಬಿಡುವುದು. ಸೆಷನ್ಸ್ ಕೇಸಾದರೆ ಹಿಂದೆ 227 ಮತ್ತು 228, ಈಗ 250 ಮತ್ತು 251.

ಜನರ ಆಸೆ ಮಾತ್ರ ಚಾರ್ಜ್‌ಶೀಟ್ ಹಂತಕ್ಕೇ ಏರಿ ಕೂತುಬಿಡುತ್ತದೆ. ಚಾರ್ಜ್‌ಶೀಟ್ ಬಂತು ಅಂದ ಕೂಡಲೇ ಬಸ್‌ಸ್ಟ್ಯಾಂಡಿನಲ್ಲಿ "ಇನ್ನು ಆಯ್ತು ಅವನ ಕತೆ" ಅಂತಾರೆ. ಲಾವ್‌ಲಿನ್ ಕೇಸನ್ನೇ ನೋಡಿ. ಪಳ್ಳಿವಾಸಲ್, ಚೆಂಗುಳಂ, ಪನ್ನಿಯಾರ್ ವಿದ್ಯುತ್ ಯೋಜನೆಗಳ ನವೀಕರಣದ ಗುತ್ತಿಗೆ. ಸಿಬಿಐ 2009ರಲ್ಲಿ ಕೇರಳದ ಸಿಪಿಎಂ ನಾಯಕ ಪಿಣರಾಯಿ ವಿಜಯನ್ ಅವರ ಹೆಸರು ಸೇರಿಸಿ ಚಾರ್ಜ್‌ಶೀಟ್ ಹಾಕಿತು. 2013ರ ನವೆಂಬರ್‌ನಲ್ಲಿ ತಿರುವನಂತಪುರದ ಸಿಬಿಐ ವಿಶೇಷ ಕೋರ್ಟ್ ಅವರನ್ನು ಡಿಸ್ಚಾರ್ಜ್ ಮಾಡಿತು. 2017ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅವರ ಮಟ್ಟಿಗೆ ಅದನ್ನು ಎತ್ತಿಹಿಡಿಯಿತು. ಸಿಬಿಐ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿ ಮುಂದೂಡಿಕೆಯ ಮೇಲೆ ಮುಂದೂಡಿಕೆ.

ಅದು ತೆಂಕಣದ ಕತೆ ಅಂದರೆ, ನಮ್ಮ ಮಂಜೇಶ್ವರದ್ದೇ ಇದೆ. 2016ರಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಬರೀ 89 ಮತಗಳಿಂದ ಸೋತ ಕ್ಷೇತ್ರ. 2021ರಲ್ಲಿ ಅವರು ಮತ್ತೆ ನಿಂತಾಗ ಅಲ್ಲಿ ಬಿಎಸ್‌ಪಿ ಅಭ್ಯರ್ಥಿ ನಾಮಪತ್ರ ಹಿಂದಕ್ಕೆ ತೆಗೆದರು. ಎರಡೂವರೆ ಲಕ್ಷ ರೂಪಾಯಿ ಮತ್ತು ಒಂದು ಸ್ಮಾರ್ಟ್‌ಫೋನ್ ಸಿಕ್ಕಿತ್ತು ಅಂತ ಆಮೇಲೆ ಅವರೇ ಹೇಳಿದರು. ಸುರೇಂದ್ರನ್ ಮತ್ತಿತರರ ಮೇಲೆ ಕೇಸಾಯಿತು, 2023ರಲ್ಲಿ ಚಾರ್ಜ್‌ಶೀಟ್ ಬಂತು, 2024ರ ಅಕ್ಟೋಬರ್‌ನಲ್ಲಿ ಕಾಸರಗೋಡಿನ ಸೆಷನ್ಸ್ ಕೋರ್ಟ್ ಎಲ್ಲರನ್ನೂ ಡಿಸ್ಚಾರ್ಜ್ ಮಾಡಿತು. ಚಾರ್ಜ್‌ಶೀಟಿಗೆ ಒಂದು ಪಕ್ಷದವರು ಖುಷಿ, ಡಿಸ್ಚಾರ್ಜಿಗೆ ಇನ್ನೊಂದು ಪಕ್ಷದವರು. ಪಟಾಕಿ ಅಂಗಡಿಯವನಿಗೆ ಎರಡೂ ದಿನ ವ್ಯಾಪಾರ.

ಬೆಂಗಳೂರಿನವರು ದೋಷಾರೋಪಣೆ ಅಂತ ಒಂದೇ ಏಟಿಗೆ ಮುಗಿಸಿದರಲ್ಲ, ಅದು ಇವೆರಡರಲ್ಲಿ ಯಾವುದು ಸ್ವಾಮಿ? ಮೊದಲನೆಯದಾದರೆ ಪಿಣರಾಯಿಯವರ ಮೇಲೆ ಆಗಿದೆ. ಎರಡನೆಯದಾದರೆ ಆಗಲೇ ಇಲ್ಲ.

ಅಮೆರಿಕದ್ದು ಎರಡೂ ಅಲ್ಲ. ಗ್ರ್ಯಾಂಡ್ ಜ್ಯೂರಿ ಅಂದರೆ ಪೊಲೀಸರಲ್ಲ, ಜಡ್ಜರೂ ಅಲ್ಲ, ಊರಿನ ಸಾಮಾನ್ಯ ಜನ. ಫೆಡರಲ್ ಕೇಸಿಗೆ 16ರಿಂದ 23 ಮಂದಿ. ಅವರಲ್ಲಿ 12 ಮಂದಿ ಹೂಂ ಅನ್ನಬೇಕು. ಬಾಗಿಲು ಮುಚ್ಚಿ ಸರ್ಕಾರಿ ವಕೀಲರು ಸಾಕ್ಷ್ಯ ತೋರಿಸುತ್ತಾರೆ. ಆರೋಪಿಯ ವಕೀಲರಿಗೆ ಒಳಗೆ ಜಾಗ ಇಲ್ಲ. ನಮ್ಮ ಚಾರ್ಜ್ ಫ್ರೇಮಿನಲ್ಲಿ ಆರೋಪಿಯ ಮಾತನ್ನೂ ಕೇಳಲೇಬೇಕು. ಹಾಗಾಗಿ ನಾಮಪದದ ಹಿಂದೆ ಬೀಳಬೇಡಿ, ಕ್ರಿಯಾಪದ ಹಿಡಿಯಿರಿ: "ಗ್ರ್ಯಾಂಡ್ ಜ್ಯೂರಿ ಏಳು ಮಂದಿಯ ಮೇಲೆ ಆರೋಪ ಹೊರಿಸಿತು." ಯಾರು ಹೊರಿಸಿದರು ಅಂತ ವಾಕ್ಯದಲ್ಲೇ ಇದೆ, ಓದುವವನು ಪೊಲೀಸ್ ಚಾರ್ಜ್‌ಶೀಟ್ ಅಂದುಕೊಳ್ಳುವುದಿಲ್ಲ.

ಪೆರ್ಲದಿಂದ:

ಕ್ಲಾರ್ಕರು ಕುಟ್ಟಪತ್ರಂ ಅನ್ನು ಹೊರಗಿನದು ಅನ್ನುವ ಹಾಗೆ ಬದಿಗೆ ಸರಿಸಿದರು. ಕುಟ್ಟಂ ನಮಗೆ ನೆಂಟನೇ. ತಮಿಳಿನ ಕುಱ್ಱಂ, ಕುಱೈ, ನಮ್ಮ ಕೊರೆ, ಕೊರತೆ, ಎಲ್ಲಕ್ಕೂ ಒಂದೇ ಬೇರು. ಕಡಿಮೆ ಆದದ್ದು ಕೊರತೆ, ನಡತೆಯಲ್ಲಿ ಕಡಿಮೆ ಆದದ್ದು ಕುಟ್ಟ. ಮೂಲದ ಉಕಾರ ನಮ್ಮಲ್ಲಿ ಒಕಾರ ಆಗಿದೆ, ಅಷ್ಟೇ. ಹಾಗಿದ್ದ ಮೇಲೆ ಕೊರೆಯೋಲೆ ಅಂತ ಯಾಕೆ ಮಾಡಬಾರದು? ನಾನು ಈ ಪದವನ್ನು ಹಿಂದೆಯೂ ಇಲ್ಲಿ ಸೂಚಿಸಿದ್ದೆ. ಯಾರೂ ಗಮನ ಕೊಡಲಿಲ್ಲ.

ಬದಿಯಡ್ಕದಿಂದ:

ಮಾಷ್ಟ್ರೇ, ಬೇರು ಸರಿ ಇದೆ. ಫಲಕ ಓದುವವನು ಬೇರು ಅಗೆಯಲು ಬರುವುದಿಲ್ಲ. ಕೊರೆಯೋಲೆ ಅಂದರೆ ಚಳಿಗಾಲದ ಆಮಂತ್ರಣ ಅಂದುಕೊಳ್ಳುತ್ತಾನೆ.

ಅಕ್ಕಲಕೋಟೆಯಿಂದ:

ಡಿಸ್ಚಾರ್ಜ್ ಮಾತು ಬಂತಲ್ಲ, ಅದಕ್ಕೆ ಖುಲಾಸೆ ಅಂತ ಮಾತ್ರ ಹಾಕಬೇಡಿರಿ. ನಮ್ಮ ಕಡೆ ಮರಾಠಿ ಜಾಸ್ತಿ. ಅದರಲ್ಲಿ ಖುಲಾಸಾ ಅಂದರೆ ವಿವರಣೆ, ಸ್ಪಷ್ಟೀಕರಣ. "ಮಂತ್ರಿ ಖುಲಾಸಾ ಕೊಟ್ಟರು" ಅಂದರೆ ಇಲ್ಲಿಯವರಿಗೆ ಮಂತ್ರಿ ಪತ್ರಿಕೆಯವರ ಮುಂದೆ ಏನೋ ಹೇಳಿದರು ಅಂತ. ಕನ್ನಡದಲ್ಲಿ ಮಂತ್ರಿ ಖುಲಾಸೆ ಅಂದರೆ ಮನೆಗೆ ಹೋದರು ಅಂತ.

ಬದಿಯಡ್ಕದಿಂದ:

ಕನ್ನಡದಲ್ಲೂ ಅದು ಡಿಸ್ಚಾರ್ಜಿಗೆ ಒಪ್ಪುವುದಿಲ್ಲ. ವಿಚಾರಣೆ ನಡೆದು ಬಿಟ್ಟರೆ ಖುಲಾಸೆ. ವಿಚಾರಣೆಗೆ ಮೊದಲೇ ಕೈಬಿಟ್ಟರೆ ಆರೋಪಮುಕ್ತ. ಪತ್ರಿಕೆಗಳಿಗೆ ಎರಡೂ ಒಂದೇ.

ಸಾಗರದಿಂದ:

ಕಾನೂನು ಪಾಠ ಕೇಳಿದವರು ಯಾರು? ವಕೀಲ, ಜಾಮೀನು, ಅರ್ಜಿ, ಫಿರ್ಯಾದಿ, ಖುಲಾಸೆ ಎಲ್ಲ ಹೊರಗಿನವು. ಅದರ ಮೇಲೆ ಚಾರ್ಜ್‌ಶೀಟ್, ಡಿಸ್ಚಾರ್ಜ್. ಈಗ ಕುಟ್ಟಪತ್ರಂ ಕೂಡ ಒಳಗೆ ಬರಲಿ. ಗಡಿಯಲ್ಲಿರುವವರೇ ಹೀಗೆ ಒಂದೊಂದು ಪದ ಬಿಟ್ಟುಕೊಟ್ಟರೆ ಕೊನೆಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಮಂಜೇಶ್ವರದಿಂದ:

ಬಿಟ್ಟುಕೊಡುವುದು ಅಂದರೇನು ಸಾಗರದವರೇ? 1956ರ ನವೆಂಬರ್‌ನಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸುವಾಗ ನಮ್ಮನ್ನು ಕೇಳಿ ಗೆರೆ ಎಳೆದರಾ? ಗಡಿ ವಿವಾದಕ್ಕೆಂದು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಲಿ ಅಂದಿತು, ವರದಿ ಕಪಾಟಿನಲ್ಲೇ ಉಳಿಯಿತು. ನಾನು ದಸ್ತಾವೇಜು ಅನುವಾದ ಮಾಡಿ ಹೊಟ್ಟೆ ಹೊರೆಯುವವಳು. ಜನ ಮಲಯಾಳದ ನೋಟಿಸು ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ "ಒನ್ನಾಂ ಪ್ರತಿ" ಅಂತ ಇರುತ್ತದೆ. ಮಲಯಾಳದಲ್ಲಿ ಪ್ರತಿ ಅಂದರೆ ಆರೋಪಿ. ನಮ್ಮವರು ಮೊದಲ ಪ್ರತಿ ತಮಗೆ ಬಂತು, ಉಳಿದ ಪ್ರತಿ ಬೇರೆಯವರಿಗೆ ಹೋಗಿದೆ ಅಂತ ಓದುತ್ತಾರೆ. ಕೇಸಿನಲ್ಲಿ ತಾನೇ ಒಂದನೇ ಆರೋಪಿ ಅಂತ ಗೊತ್ತಾಗದೆ ಮನೆಯಲ್ಲಿ ಕೂತವರನ್ನು ನೋಡಿದ್ದೇನೆ. ಅಂಥವರಿಗೆ ನಾನು ತಪ್ಪೊರಿಕೆ ಅಂತ ಹೇಳಲಾ? ಚಾರ್ಜ್‌ಶೀಟ್ ಅಂದರೆ ತಟ್ಟನೆ ಅರ್ಥವಾಗುತ್ತದೆ, ವಕೀಲರ ಹತ್ತಿರ ಓಡುತ್ತಾರೆ.

ಬದಿಯಡ್ಕದ ಅಣ್ಣನ ಕ್ರಿಯಾಪದಕ್ಕೆ ನನ್ನ ಓಟು. ನಿಕ್ಸನ್ ವಾಕ್ಯವನ್ನು ಎರಡಾಗಿ ಒಡೆಯಿರಿ: "ಸಂಚಿನಲ್ಲಿ ನಿಕ್ಸನ್ ಅವರಿಗೂ ಪಾಲಿದೆ ಎಂದು ಜ್ಯೂರಿ ಹೆಸರಿಸಿತು. ಆದರೆ ಆರೋಪ ಹೊರಿಸಲಿಲ್ಲ." ಕಾರಣವನ್ನೂ ಸೇರಿಸಿ. ಹುದ್ದೆಯಲ್ಲಿರುವ ಅಧ್ಯಕ್ಷರ ಮೇಲೆ ಆರೋಪ ಹೊರಿಸುವುದು ಬೇಡ ಅಂತ ವಿಶೇಷ ಸರ್ಕಾರಿ ವಕೀಲ ಲಿಯಾನ್ ಜವೋರ್ಸ್ಕಿ ಸಲಹೆ ಕೊಟ್ಟಿದ್ದರು. ಅದಿಲ್ಲದಿದ್ದರೆ ನೋಡುವವರು ಜ್ಯೂರಿಯನ್ನೂ ದುಡ್ಡು ಕೊಟ್ಟು ಕೊಂಡರು ಅಂತಾರೆ. ನಮ್ಮ ಜನ ಗೊತ್ತಲ್ಲ.

ಸಾಗರದಿಂದ:

ಅರ್ಥವಾಗುವುದೇ ಅಳತೆ ಆದರೆ ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆಯಿರಿ. ನಾನು ಹೇಳುವುದು ಮುಗಿಯಿತು.

ಬೆಂಗಳೂರಿನಿಂದ:

ಆರೋಪ ಹೊರಿಸುವುದು ಅಂದರೆ ವಿರೋಧ ಪಕ್ಷದವರು ಪತ್ರಿಕಾಗೋಷ್ಠಿಯಲ್ಲಿ ಮಾಡುವ ಕೆಲಸ. ದಿನಾ ಮಾಡುತ್ತಾರೆ. ಕೋರ್ಟಿನ ತೂಕ ಅದಕ್ಕೆ ಬರುವುದಿಲ್ಲ.

ಬದಿಯಡ್ಕದಿಂದ:

ಇದು ಒಪ್ಪುವ ಮಾತು. "ವಿಧಿವತ್ತಾಗಿ ಆರೋಪ ಹೊರಿಸಿತು" ಅಂತ ಮಾಡಿ. ವಿಧಿವತ್ತಾಗಿ ಸಂಸ್ಕೃತ ಅಂತ ಸಾಗರದವರು ಬೈಯಬಹುದು, ಬೈಯಲಿ.

ಇನ್ನೊಂದು. ಫಲಕದಲ್ಲಿ 1974 ಮಾತ್ರ ಬಂದರೆ ಕತೆ ಕುಂಟುತ್ತದೆ. 1972ರ ಜೂನ್ 17ರಂದು ವಾಟರ್‌ಗೇಟ್ ಕಟ್ಟಡದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ ಕಳ್ಳರು ಸಿಕ್ಕಿಬಿದ್ದರು. ಸೆಪ್ಟೆಂಬರ್ 15ರಂದೇ ಮೊದಲ ಬಾರಿ ಆರೋಪ ಹೊರಿಸಿದ್ದರು, ಆಗಲೂ ಏಳು ಮಂದಿಯ ಮೇಲೆ. ಒಳಗೆ ನುಗ್ಗಿದ ಐವರು, ಜೊತೆಗೆ ಅವರನ್ನು ಕಳಿಸಿದ ಹಂಟ್ ಮತ್ತು ಲಿಡ್ಡಿ. ದೊಡ್ಡವರ ಹೆಸರು ಒಂದೂ ಇಲ್ಲ. ಕೇಸು ಅಲ್ಲಿಗೆ ಮುಗಿಯಿತು ಅಂತ ಬಹಳ ಜನ ಕೈಬಿಟ್ಟರು. ನವೆಂಬರ್‌ನಲ್ಲಿ ನಿಕ್ಸನ್ 50ರಲ್ಲಿ 49 ರಾಜ್ಯ ಗೆದ್ದರು. ಆದರೆ ದೊಡ್ಡವರನ್ನು ಬಿಟ್ಟು ಆರೋಪ ಹೊರಿಸಿದ್ದೇ ಕೆಲವರಿಗೆ ಅನುಮಾನ ಜಾಸ್ತಿ ಮಾಡಿದ ಕೇಸು ಅದು. ಈ ಏಳು ಬೇರೆ, ಆ ಏಳು ಬೇರೆ ಅಂತ ಸ್ಪಷ್ಟವಾಗಿ ಹಾಕಿ, ಇಲ್ಲದಿದ್ದರೆ ಶಾಲೆಯ ಮಕ್ಕಳು ಕಲಸುತ್ತಾರೆ.

ಪೆರ್ಲದಿಂದ:

ಕೊರೆಯೋಲೆಯ ಬಗ್ಗೆ ಯಾರೂ ಗಂಭೀರವಾಗಿ ಉತ್ತರ ಕೊಟ್ಟಿಲ್ಲ. ಬೇರೆ ಓಲೆ ಹಾಕುತ್ತೇನೆ.

ಕುಂಬಳೆಯಿಂದ:

ಎಲ್ಲರಿಗೂ ಧನ್ಯವಾದ. "ವಿಧಿವತ್ತಾಗಿ ಆರೋಪ ಹೊರಿಸಿತು" ಅಂತಲೇ ಕೊಟ್ಟೆ. ಎರಡೂ ಏಳರ ಪಟ್ಟಿ ಪಕ್ಕಪಕ್ಕ ಬರುತ್ತದೆ. ಮಂಜೇಶ್ವರದ ಅಕ್ಕ ಹೇಳಿದ ಹಾಗೆ ನಿಕ್ಸನ್ ವಾಕ್ಯ ಒಡೆದಿದ್ದೇನೆ. ಮಲಯಾಳದ ಹುಡುಗರಿಗೂ ಹೇಳಿದೆ, ಅವರು ಕುಟ್ಟಪತ್ರಂ ಬದಲಿಸಲು ಒಪ್ಪಲಿಲ್ಲ.

ಕೊನೆಯ ಫಲಕದಲ್ಲಿ 1974ರ ಆಗಸ್ಟ್ 9ರ ನಿಕ್ಸನ್ ರಾಜೀನಾಮೆ, ಸೆಪ್ಟೆಂಬರ್ 8ಕ್ಕೆ ಅವರ ನಂತರ ಅಧ್ಯಕ್ಷರಾದ ಫೋರ್ಡ್ ಕೊಟ್ಟ ಪಾರ್ಡನ್ ಇದೆ. ವಿಚಾರಣೆಯೇ ಆಗದ ಮನುಷ್ಯನಿಗೆ ಕ್ಷಮಾದಾನ ಅನ್ನಬಹುದಾ? ಸಾಲ ಮನ್ನಾ ಮಾಡಿದ ಹಾಗೆ ಮಾಫಿ ಅಂತ ಯಾರೂ ಹೇಳಬೇಡಿ. ಅದು ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತದೆ.